ಐದು ಕಾಲಿನ ಆನೆಗೆ ತಾಗಿದ ಗುಂಡು

ಆಚೆನೋಟದ ಯಂತ್ರ ಧಾರವಾಡಕ್ಕೆ ಬಂದ ಮೊದಲ ವರ್ಷದಲ್ಲೇ ಊರಿನಲ್ಲಿ ನಾನೂರು ಮದುವೆ ಮುರಿದವು, ಆರು ಸಾವಿರ ಹೊಸ ಜಗಳ ಹುಟ್ಟಿದವು, ಬೋಳುತಲೆಯ ಗಂಡಸರನ್ನು ಗ್ರೂಪ್ ಫೋಟೋಕ್ಕೆ ಕರೆಯುವುದೇ ನಿಂತುಹೋಯಿತು. ಇದರಲ್ಲಿ ಉತ್ಪ್ರೇಕ್ಷೆ ಅಂತ ಯಾರಾದರೂ ಹುಡುಕಿದರೆ ಹೆಚ್ಚೆಂದರೆ ಒಂದೆರಡು ಸೊನ್ನೆ ಸಿಕ್ಕೀತು.

ಯಂತ್ರದ ತತ್ವ ಸರಳ. ಫೋಟೋ ಎಂದರೆ ಚೌಕಟ್ಟಿನೊಳಗೆ ಸಿಕ್ಕಷ್ಟೇ ಲೋಕ ಎಂದು ಜನ ತಿಳಿದಿದ್ದರು. ಬೆಳಕಿಗೆ ಚೌಕಟ್ಟಿನ ಲೆಕ್ಕವೆಲ್ಲಿ? ಪಟದೊಳಗೆ ಹೊಳೆಯುವುದೇನಿದ್ದರೂ, ಕನ್ನಡಕದ ಗಾಜಾಗಲಿ, ಹಿತ್ತಾಳೆ ಗುಂಡಿಯಾಗಲಿ, ಸ್ಟೀಲ್ ಲೋಟವಾಗಲಿ, ಕಣ್ಣಿನ ಪಾಪೆಯಾಗಲಿ, ಅದೊಂದು ಸೊಟ್ಟ ಕನ್ನಡಿ. ಚೌಕಟ್ಟಿನ ಹೊರಗೆ ನಿಂತವರ ಬಿಂಬ ಸಾಸಿವೆಯ ಸಾವಿರದೊಂದು ಪಾಲಿನಷ್ಟಾಗಿ ಅದರಲ್ಲಿ ಮಡಚಿಕೊಂಡು ಕೂತಿರುತ್ತದೆ. ಯಂತ್ರ ಆ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, ಇಸ್ತ್ರಿ ತೀಡಿದ ಹಾಗೆ ಸಪಾಟು ಮಾಡಿ, ಪಟದ ಎಡಕ್ಕೆ, ಬಲಕ್ಕೆ, ಕೆಳಕ್ಕೆ, ಕೊನೆಗೆ ಕ್ಯಾಮೆರಾದ ಬೆನ್ನ ಹಿಂದಕ್ಕೂ ಹಾಸಿ ತೋರಿಸುತ್ತದೆ.

ಆಗಿದ್ದೇನೆಂದರೆ, ಮದುಮಗನ ಉಂಗುರದಲ್ಲಿ ಪುರೋಹಿತರು ತೂಕಡಿಸುತ್ತಿದ್ದುದು ಕಂಡಿತು. ತಾಮ್ರದ ಕೊಡದ ಹೊಟ್ಟೆಯಲ್ಲಿ ಬೀಗರು ಬುಂದಿ ಉಂಡಿಯನ್ನು ಕಿಸೆಗೆ ಇಳಿಸುತ್ತಿದ್ದುದು ಕಂಡಿತು. "ನಗ್ರಿ" ಎನ್ನುತ್ತಿದ್ದ ಫೋಟೋಗ್ರಾಫರರು "ಕಣ್ಣು ಮುಚ್ರಿ" ಎನ್ನತೊಡಗಿದರು. ಪುಢಾರಿಗಳು ಹಿತ್ತಾಳೆ ಗುಂಡಿ ಕಿತ್ತು ಬಟ್ಟೆಯ ಗುಂಡಿ ಹೊಲಿಸಿಕೊಂಡರು. ಬೋಳುತಲೆಯ ಮಾತಂತೂ ಬೇಡ. ಎಣ್ಣೆ ಹಚ್ಚಿದ ಒಂದೇ ಒಂದು ಬೋಳುತಲೆಯಿಂದ ಇಡೀ ಕಲ್ಯಾಣ ಮಂಟಪವನ್ನು ಅಡುಗೆಮನೆ ಸಮೇತ ಹೊರತೆಗೆಯಬಹುದಿತ್ತು.

ಇಂಥ ಯಂತ್ರಕ್ಕೆ ಕೊಂಚವೂ ಹೆದರದೆ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ ಗಂಡಸು ಊರಿಗೆಲ್ಲ ಒಬ್ಬನೇ. ಅವನು ಮದಿಹಾಳದ ನಿವೃತ್ತ ಹವಾಲ್ದಾರ ದುಂಡಪ್ಪ ಹುಲಕುಂದ. ಅವನ ದೊಡ್ಡಸ್ತಿಕೆಗೆಲ್ಲ ಆಧಾರವಾಗಿದ್ದುದು ಒಂದು ಗುಂಡು. ಆ ಗುಂಡಿನ ಫೋಟೋವನ್ನು ಯಾರೂ ತೆಗೆದಿರಲಿಲ್ಲ.

ಗುಂಡಿನ ಕಥೆ ಮದಿಹಾಳದಲ್ಲಿ ಹಸುಗೂಸುಗಳಿಗೂ ಬಾಯಿಪಾಠ. ನಲವತ್ತೆರಡು ವರ್ಷದ ಹಿಂದೆ ದುಂಡಪ್ಪ ಹಿಮದ ಬೆಟ್ಟದ ಮೇಲಿನ ಠಾಣೆಯಲ್ಲಿದ್ದ. ಅಲ್ಲಿನ ಚಳಿ ಎಂಥದೆಂದರೆ ಆಡಿದ ಮಾತು ಬಾಯಿಂದ ಹೊರಬೀಳುತ್ತಲೇ ಹೆಪ್ಪುಗಟ್ಟಿ, ಉತ್ತರ ಬೇಕಾದವರು ಅದನ್ನು ಸ್ಟೋವಿನ ಮೇಲೆ ಕಾಯಿಸಿ ಕೇಳಬೇಕಿತ್ತು. ಸಂಕ್ರಾಂತಿಯಾದ ಐದನೆಯ ದಿನ ಎದುರು ಶಿಖರದಿಂದ ಗುಂಡೊಂದು ಬಂದು ನೇರ ಅವನ ಎದೆಗೆ ಬಡಿಯಿತು. ಎದೆಯ ಮೇಲೆ ಹೆಂಡತಿ ಕಾಶವ್ವ ಹೆಣೆದು ಕಳಿಸಿದ್ದ ಸ್ವೆಟರು. ಅದರ ಮೇಲೆ ಅವಳೇ ಹಾಕಿದ ಕಸೂತಿಯ ಆನೆ. ಕಾಶವ್ವನ ಹೆಣಿಗೆ ಎಷ್ಟು ಬಿಗಿಯೆಂದರೆ ಗುಂಡು ಉಣ್ಣೆಯಲ್ಲಿ ಸಿಕ್ಕಿಕೊಂಡು, ದಾರಿ ಕೇಳುವವರ ಹಾಗೆ ನಾಲ್ಕು ಸುತ್ತು ತಿರುಗಿ, ತಲೆ ಸುತ್ತಿ ಕೆಳಗೆ ಬಿತ್ತು. ಸ್ವೆಟರನ್ನು ದೊಡ್ಡ ಸಾಹೇಬರು ಪರೀಕ್ಷೆಗೆಂದು ದಿಲ್ಲಿಗೆ ಒಯ್ದರು. ಮೊದಲ ವರ್ಷ ಆ ಗುಂಡು ನೂರು ಗಜದಿಂದ ಬಂದಿತ್ತು. ಹತ್ತನೆಯ ವರ್ಷಕ್ಕೆ ಒಂದು ಮೈಲಿಯಾಯಿತು. ಈಚೀಚೆಗೆ ಅದು ಪರದೇಶದಿಂದ ಹೊರಟು, ದಾರಿಯಲ್ಲಿ ಎರಡು ನದಿ ದಾಟಿ ಬರುತ್ತಿತ್ತು.

ಪ್ರತಿವರ್ಷ ಆ ದಿನ ಕಾಶವ್ವ ಓಣಿಗೆಲ್ಲ ಹೋಳಿಗೆ ಮಾಡಿ ಬಡಿಸುತ್ತಿದ್ದಳು. ಗಂಡ ಉಳಿದ ದಿನ. ತನ್ನ ಹೆಣಿಗೆ ಉಳಿಸಿದ ದಿನ. ಬಾಯಿ ಬಿಟ್ಟು ಹೇಳುವವಳಲ್ಲ, ಆದರೆ ಆವತ್ತು ಅವಳ ಹೋಳಿಗೆ ಹುಣ್ಣಿಮೆ ಚಂದ್ರನಿಗಿಂತ ದುಂಡಗೂ ದೊಡ್ಡದೂ ಆಗುತ್ತಿತ್ತು.

ಈ ವರ್ಷ ಹೋಳಿಗೆಗೆ ಹದಿನೈದು ದಿನ ಇರುವಾಗ ದುಂಡಪ್ಪ ಗುಜರಿ ಅಂಗಡಿಯಿಂದ ಒಂದು ಹಳೆಯ ಫೋಟೋ ಚೌಕಟ್ಟು ತಂದ. ಕಾಶವ್ವ ಓಣಿಯ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತಿದ್ದಳು. ಅವಳು ಹಾಕಿದ ಹೊಸ ಗೋಪುರದ ಕಸೂತಿಯೊಂದನ್ನು ಕಟ್ಟು ಹಾಕಿಸಬೇಕಿತ್ತು. ಮುಚ್ಚಿಹೋದ ಯಾವುದೋ ಹುಬ್ಬಳ್ಳಿ ಸ್ಟುಡಿಯೋದ ಮಾಲಂತೆ. ಹಿಂಬದಿಯ ರಟ್ಟು ಬಿಚ್ಚಿದಾಗ, ಮುಂದಿದ್ದ ದೇವರ ಪಟದ ಹಿಂದಿನಿಂದ ಇನ್ನೊಂದು ಫೋಟೋ ಜಾರಿ ಕಾಶವ್ವನ ಮಡಿಲಿಗೆ ಬಿತ್ತು.

ಹಿಮ. ಹಿಮದಲ್ಲಿ ಕೂತ ಒಬ್ಬ ಜವಾನ. ಮೊಣಕಾಲಿನ ಕೆಳಗೆ ಪಟ ಮುಗಿದಿತ್ತು. ಹಣೆಯ ಮೇಲೆ ಎತ್ತಿಟ್ಟ ಹಿಮದ ಕನ್ನಡಕ, ಕೈಯಲ್ಲಿ ಸ್ಟೀಲ್ ಮಗ್ಗು, ಮೂವತ್ತೆರಡೂ ಹಲ್ಲಿನ ನಗು. ಮುಖ ಗುರುತಿನದಲ್ಲ. ಆದರೆ ಎದೆಯ ಮೇಲೆ ಒಂದು ಆನೆ. ಕಾಶವ್ವ ಬೆರಳಿಟ್ಟು ಅದರ ಕಾಲು ಎಣಿಸಿದಳು. ಐದು.

ಕಸೂತಿಯೆಂದರೆ ಎಳೆ ಎಣಿಸಿ ಹಾಕುವ ಕೆಲಸ. ಗಂಟು ಹಾಕುವಂತಿಲ್ಲ, ಹೋದ ದಾರ ಬಿಟ್ಟ ಜಾಗ ತುಂಬಿಕೊಂಡು ಹೊರಟಲ್ಲಿಗೇ ಮರಳಬೇಕು, ಹಿಂದೂ ಮುಂದೂ ಒಂದೇ ಕಾಣಬೇಕು. ಒಂದು ಎಳೆ ತಪ್ಪಿದರೆ ಆನೆ ಕುಂಟುತ್ತದೆ. ಭೂಮಿಯ ಮೇಲೆ ಐದು ಕಾಲಿನ ಕಸೂತಿ ಆನೆ ಇದ್ದುದು ಒಂದೇ, ಕಾಶವ್ವ ದುಂಡಪ್ಪನಿಗೆಂದು ಹಾಕಿದ್ದು. ಅದು ಬೇಕೆಂತಲೇ ಮಾಡಿದ ಡಿಸೈನು, ಐದನೆಯ ಕಾಲು ಶತ್ರುವನ್ನು ಒದೆಯುವುದಕ್ಕೆ, ಎಂದು ದುಂಡಪ್ಪ ಊರಿಗೆಲ್ಲ ಹೇಳಿದ್ದ.

"ಈ ಆನಿ ದಿಲ್ಲ್ಯಾಗ ಐತಿ ಅಂತಿದ್ರಲ್ಲ?" ಎಂದಳು ಕಾಶವ್ವ.

"ಇದು... ಗುಂಡು ತಾಗೂಕಿಂತ ಮೊದಲಿಂದ ಇರಬೇಕು ಕಾಶಿ."

"ಗುಂಡಿನ ಮಾತು ಆಮ್ಯಾಲ. ಇಂವ ಯಾಂವ?"

ದುಂಡಪ್ಪ ಫೋಟೋವನ್ನು ಹತ್ತಿರ ಹಿಡಿದ, ದೂರ ಹಿಡಿದ, ತಲೆಕೆಳಗು ಹಿಡಿದ. ಬಾಯಿ ತೆರೆದ. ಸತ್ಯ ಹೇಳೋಣವೆಂದರೆ ಅದು ಅವನಿಗೂ ಗೊತ್ತಿರಲಿಲ್ಲ! ನಲವತ್ತೆರಡು ವರ್ಷ ಆ ಕಥೆಯನ್ನು ಎಷ್ಟು ಸಲ ತಿದ್ದಿ, ತೀಡಿ, ಎಣ್ಣೆ ಹಚ್ಚಿ ಹೇಳಿದ್ದನೆಂದರೆ, ಅಡಿಯಲ್ಲಿದ್ದ ಅಸಲು ಸಂಗತಿ ಸವೆದು ಮಾಯವಾಗಿತ್ತು. ಗುಂಡು ತಾಗಿದ ಜಾಗ ಚಳಿಗಾಲದಲ್ಲಿ ನೋಯುತ್ತಲೂ ಇತ್ತು. ಸ್ವೆಟರು ನಿಜವಾಗಿ ಎಲ್ಲಿ ಹೋಯಿತು? ಇಸ್ಪೀಟಿನಲ್ಲಿ ಸೋತನೇ? ರಮ್ ಬಾಟಲಿಗೆ ಮಾರಿದನೇ?

"ನೆನಪಿಲ್ಲ" ಎಂದ.

"ನನ್ನ ಹೆಣಿಕಿ ಮೈಮ್ಯಾಲ ಹಾಕ್ಕೊಂಡು ಹಲ್ಲು ಕಿಸಿಯಾಕತ್ತಾನ. ನಿಮಗ ನೆನಪಿಲ್ಲ." ಕಾಶವ್ವ ಎದ್ದಳು. "ಈ ಮನಷ್ಯಾ ಬಂದು ನನ್ನ ಮುಂದ ಕುಂತು ಖರೇ ಏನಂತ ಹೇಳಬೇಕು. ಅಲ್ಲೀ ತನಕ ನಾ ನಿಮ್ಮ ಜೋಡಿ ಮಾತಾಡಂಗಿಲ್ಲ. ಹೋಳಿಗಿನೂ ಮಾಡಂಗಿಲ್ಲ."

ಅಲ್ಲಿಂದ ಆಕೆ ಮಾತಾಡಿದ್ದು ಫೋಟೋದ ಆನೆಯ ಜೊತೆ ಮಾತ್ರ. ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, "ಏ ಆನಿ, ಚಾ ಆರಾಕತ್ತೈತಿ ಅಂತ ಹೇಳು ಅವರಿಗೆ" ಎನ್ನುವಳು. "ಆನಿ, ಬನಿಯನ್ನು ಒಗಿಯಾಕ ಹಾಕಂದ್ರ ಕಿವಿ ಕೇಳಸೂದಿಲ್ಲೇನು ಕೇಳು." ಪರದೇಶದ ಗುಂಡನ್ನು ಎದೆಯೊಡ್ಡಿ ತಡೆದ ದುಂಡಪ್ಪ ಒಂದು ದಾರದ ಆನೆಯ ಎದುರು ಮೂರೇ ದಿನದಲ್ಲಿ ಕಾಲು ಕೆ.ಜಿ. ಇಳಿದ, ಅವನ ಲೆಕ್ಕದಲ್ಲಿ ಹನ್ನೆರಡು ಕೆ.ಜಿ.

ನಾಲ್ಕನೆಯ ದಿನ ಅವನು ಪದಕಗಳನ್ನೆಲ್ಲ ಕೋಟಿಗೆ ಚುಚ್ಚಿಕೊಂಡು, ಗೂಡಿನಿಂದ ಫೋಟೋ ಎತ್ತಿಕೊಂಡು, ಕೆಲಗೇರಿ ರಸ್ತೆಯ ಆಚೆನೋಟ ಕೇಂದ್ರಕ್ಕೆ ಹೋದ. ಯಂತ್ರ ಮೂರು ಎಮ್ಮೆಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟಿತ್ತು. ಹೆಜ್ಜೇನು ಗೂಡಿನ ಹಾಗೆ ಗುಂಯ್ಗುಡುತ್ತಿತ್ತು. ಅದನ್ನು ನಡೆಸುವವಳು ರೇಷ್ಮಾ ನದಾಫ್. ಊರಿನ ಸಮಸ್ತ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡೂ ಸಣ್ಣಗೇ ಉಳಿದ ಏಕೈಕ ಹೆಂಗಸು.

"ಅಜ್ಜಾರ, ಮೊದಲ ಹೇಳತೇನಿ, ಬ್ಯಾಡಾದದ್ದು ಕಂಡ್ರ ನನ್ನ ಬೈಯೂ ಹಂಗಿಲ್ಲ. ಮೊನ್ನೆ ಒಬ್ಬರು ಮಷೀನಿಗೆ ಒದ್ದು ಹೋದ್ರು."

"ಗುಂಡಿಗೇ ಅಂಜಿಲ್ಲ ತಂಗಿ ನಾ. ಹಚ್ಚು."

ರೇಷ್ಮಾ ಫೋಟೋವನ್ನು ಗಾಜಿನ ಕೆಳಗಿಟ್ಟು ಹಿಗ್ಗಿಸಿದಳು. ಆಮೇಲೆ ಕುರ್ಚಿಯಿಂದ ಅರ್ಧ ಎದ್ದಳು. "ಅಯ್ಯ, ಇದು ಕನ್ನಡಕ ಅಲ್ರೀ ಅಜ್ಜಾರ, ಎರಡು ಸಿನೆಮಾ ಪರದೆ! ಇಷ್ಟು ಚಲೋ ಗಾಜು ನಾನು ನೌಕರಿಗೆ ಬಂದಾಗಿಂದ ನೋಡಿಲ್ಲ. ಆದ್ರ ಟೈಮ್ ತಗೋತೈತಿ. ಮೊದಲು ಮಗ್ಗಿಂದ ಕೆಳಗಿಂದು ತಗೀತೇನಿ."

ಯಂತ್ರ ಗುಂಯ್ಗುಟ್ಟಿತು. ಮಗ್ಗಿನ ಹೊಟ್ಟೆಯಲ್ಲಿ ಮಡಚಿಕೊಂಡಿದ್ದ ಬೆಳಕು ಬಿಚ್ಚಿಕೊಳ್ಳುತ್ತ ಜವಾನನ ಮೊಣಕಾಲಿನ ಕೆಳಗೆ ಇಳಿಯಿತು. ಬೂಟು ಬಂತು. ಅವನು ಕೂತಿದ್ದ ಕರಿಯ ತಗಡಿನ ಟ್ರಂಕು ಬಂತು. ಜವಾನರ ಟ್ರಂಕಿನ ಮೇಲೆ ಹೆಸರು, ಊರು ಬಿಳಿಯ ಬಣ್ಣದಲ್ಲಿ ಬರೆದಿರುತ್ತದೆ. ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು.

"ವಿಳಾಸ ಸಿಕ್ಕೇಬಿಡ್ತು!" ದುಂಡಪ್ಪ ಮೇಜು ಗುದ್ದಿದ. "ಬರಕೋ ತಂಗಿ."

ರೇಷ್ಮಾ ಓದಿದಳು. ಕೆಮ್ಮಿದಳು. ಇನ್ನೊಮ್ಮೆ ಓದಿದಳು. "ಅಜ್ಜಾರ, ದುಂಡಪ್ಪ ಹುಲಕುಂದ, ಮದಿಹಾಳ, ಧಾರವಾಡ ಅಂತ ಐತ್ರಿ. ಮಷೀನಿನ ಪ್ರಕಾರ ಈ ಮನಷ್ಯಾ ನಿಮ್ಮ ಮನ್ಯಾಗ ಇರಬೇಕು."

ಸ್ವೆಟರು ತನ್ನದು, ಟ್ರಂಕು ತನ್ನದು, ನಗು ಮಾತ್ರ ಪರರದು. ಇದನ್ನು ಮನೆಯಲ್ಲಿ ಹೇಳುವುದಾದರೂ ಹೇಗೆ?

"ಕನ್ನಡಕದ್ದು ತಗಿ" ಎಂದ ದುಂಡಪ್ಪ. ದನಿ ಈಗ ಹವಾಲ್ದಾರನದಾಗಿ ಉಳಿದಿರಲಿಲ್ಲ.

ಎರಡು ತಾಸು ಹಿಡಿಯಿತು. ಮೊದಲು ಎಡಗಾಜು ಬಿಚ್ಚಿಕೊಂಡಿತು. ಕ್ಯಾಮೆರಾ ಹಿಡಿದು ಒಂದು ಕಣ್ಣು ಮುಚ್ಚಿ ನಿಂತವನು ಇಪ್ಪತ್ತೇಳು ವರ್ಷದ ದುಂಡಪ್ಪ. ಮೈಮೇಲೆ ಬರೀ ಬನಿಯನ್ನು, ಹೆಗಲ ಮೇಲೊಂದು ಕಂಬಳಿ. ಎದೆಯ ಮೇಲೆ ಗುಂಡೂ ಇಲ್ಲ, ಗಾಯವೂ ಇಲ್ಲ. ಅವನೂ ನಗುತ್ತಿದ್ದ.

ಆಮೇಲೆ ಬಲಗಾಜು. ಹಿಮದ ಮೇಲೆ ಒಬ್ಬ ಜವಾನ. ಅವನ ಹಿಂದೆ ಒಬ್ಬ. ಅವನ ಹಿಂದೆ ಇನ್ನೊಬ್ಬ. ಸಾಲು. ಅಷ್ಟೂ ಜನ ಅಂಗಿ ಕೋಟು ಬಿಚ್ಚಿ ಕೈಯಲ್ಲಿ ಹಿಡಿದು, ಬನಿಯನ್ನಿನ ಮೇಲೆ ಗಡಗಡ ನಡುಗುತ್ತ, ಕೂದಲಿಗೆ ನೀರು ಹಚ್ಚಿ ಬೈತಲೆ ತೆಗೆದುಕೊಂಡು, ಪಡಿತರದ ಅಂಗಡಿಯ ಮುಂದೆ ನಿಂತವರ ಹಾಗೆ ನಿಂತಿದ್ದರು. ಕೆಲವರ ಕೂದಲು ನಿಂತಲ್ಲೇ ಹೆಪ್ಪುಗಟ್ಟಿ ಕೋಡಾಗಿತ್ತು.

"ಇವರೆಲ್ಲ ಯಾಕ ಹಿಂಗ ನಿಂತಾರ್ರಿ?" ಎಂದಳು ರೇಷ್ಮಾ.

ದುಂಡಪ್ಪನೊಳಗೆ ನಲವತ್ತೆರಡು ವರ್ಷದ ಎಣ್ಣೆ, ಬಣ್ಣ, ಮೆರುಗು ಎಲ್ಲ ಸುಲಿದು ಬೀಳುತ್ತಿತ್ತು. ಠಾಣೆಯಲ್ಲಿದ್ದುದು ಒಂದೇ ಕ್ಯಾಮೆರಾ, ಒಂದೇ ರೀಲು. ಸಂಕ್ರಾಂತಿಗೆ ಮನೆಗೆ ಫೋಟೋ ಕಳಿಸಬೇಕು ಅಂತ ಎಲ್ಲರಿಗೂ ಆಸೆ. ಆದರೆ ಸರಕಾರಿ ಕೋಟಿನಲ್ಲಿ ಎಲ್ಲರೂ ಒಂದೇ ನಮೂನಿ ತಗಡಿನ ಡಬ್ಬಿಯ ಹಾಗೆ ಕಾಣುತ್ತಿದ್ದರು. ನೋಡಿದವರು ಸುಖವಾಗಿದ್ದಾನೆ ಅನ್ನಬೇಕಾದರೆ ಮೈಮೇಲೆ ಯಾರೋ ಪ್ರೀತಿಯಿಂದ ಹೆಣೆದದ್ದು ಇರಬೇಕಲ್ಲ! ಅಂಥದ್ದು ಇಡೀ ಬೆಟ್ಟದ ಮೇಲೆ ಇದ್ದುದು ಒಂದೇ. ಒಬ್ಬೊಬ್ಬರೇ ಬಂದು, ಸ್ವೆಟರು ತೊಟ್ಟು, ಟ್ರಂಕಿನ ಮೇಲೆ ಕೂತು, ನಕ್ಕು, ಬಿಚ್ಚಿ ಮುಂದಿನವನಿಗೆ ಕೊಟ್ಟರು. ಎಲ್ಲರಿಗಿಂತ ಮೊದಲು ಕೂತವನು, ಈ ಫೋಟೋದವನು, ಅಡುಗೆಯವನು. ಅವನೇ ರಜೆಯ ಮೇಲೆ ಕೆಳಗಿಳಿಯುವವನಿದ್ದ; ರೀಲು ಅವನ ಕೈಯಲ್ಲಿ ಹೋಗಬೇಕಿತ್ತು. ದಾರಿಯಲ್ಲಿ ಚಳಿ, ತೊಟ್ಟುಕೊಂಡೇ ಹೋಗು, ಹುಬ್ಬಳ್ಳಿಯಲ್ಲಿ ಇಳಿದು ರೀಲು ತೊಳೆಸಿ, ಫೋಟೋಗಳನ್ನು ಎಲ್ಲರ ಮನೆಗೆ ಪೋಸ್ಟ್ ಮಾಡು ಎಂದು ಕಳಿಸಿದ್ದು ತಾನೇ. ಅವನಿಗೆ ಬೇರೆ ಕಡೆ ಬದಲಿಯಾಯಿತು, ಸ್ವೆಟರು ಮರಳಿ ಬರಲಿಲ್ಲ. ಸ್ವೆಟರು ಏನಾಯಿತೆಂದು ಕಾಶವ್ವ ಕಾಗದ ಬರೆದು ಕೇಳಿದಾಗ, ನೀನು ಕಣ್ಣು ನೋಯಿಸಿಕೊಂಡು ಮಾಡಿದ್ದನ್ನು ಊರಿಗೆಲ್ಲ ತೊಡಿಸಿದೆ ಎಂದು ಬರೆಯಲು ಧೈರ್ಯ ಬರಲಿಲ್ಲ. ಅದಕ್ಕಿಂತ ಗುಂಡು ಸುಲಭವಾಗಿತ್ತು.

"ತಿಪ್ಪ್ಯಾ!" ಎಂದು ದುಂಡಪ್ಪ ಕೂಗಿದ ಅಬ್ಬರಕ್ಕೆ ಯಂತ್ರ ಒಂದು ಕ್ಷಣ ಗುಂಯ್ಗುಟ್ಟುವುದನ್ನು ಮರೆಯಿತು. "ಹಿರಿಯೂರು ತಿಪ್ಪೇಸ್ವಾಮಿ!"

ಯಾವ ಮಾಜಿ ಸೈನಿಕನೂ ಮಿಲಿಟರಿ ಕ್ಯಾಂಟೀನಿನ ಸರದಿ ತಪ್ಪಿಸುವುದಿಲ್ಲ. ಹಿರಿಯೂರು ಸೀಮೆಯ ಕ್ಯಾಂಟೀನಿಗೆ ಒಂದು ಫೋನು ಮಾಡಿದ್ದೇ ತಡ, ಮರುದಿನ ತಿಪ್ಪೇಸ್ವಾಮಿಯೇ ಮರಳಿ ಫೋನು ಮಾಡಿದ. ಎರಡೂ ಕಡೆ ಬೈಗುಳ, ನಗು, ಮೂಗು ಒರೆಸುವುದು ಮುಗಿದ ಮೇಲೆ ದುಂಡಪ್ಪ ಹಿತ್ತಲಿಗೆ ಸರಿದು ದನಿ ತಗ್ಗಿಸಿದ.

"ತಿಪ್ಪ್ಯಾ, ಸ್ವೆಟರ್ ಐತೇನೋ?"

"ಐತೆ ಕಣಣ್ಣ. ಬೀರುವಿನಾಗೆ ದೇವ್ರಂಗೆ ಮಡಗಿವ್ನಿ."

"ತಗೊಂಡು ಬಾ. ನಮ್ಮ ಮನ್ಯಾಕಿ ಮುಂದ ಒಂದು ಮಾತು ಹೇಳಬೇಕು. ಅದಕ್ಕ ಒಂದು ಗುಂಡು ತಾಗಿತ್ತು ಅಂತ."

"ಅದ್ಯಾಕಣ್ಣ ಅಷ್ಟು ಸಂಕೋಚ? ನಮ್ಮೂರಲ್ಲಿ ನಾನೂ ಅದೇ ಸ್ವೆಟ್ರು ತೊಟ್ಕಂಡು ಗುಂಡು ತಿಂದೋನೇ! ಆನೆ ಡಿಸೈನು ಜನರಲ್ ಸಾಹೇಬ್ರ ಮನೆಯೋರು ಹಾಕ್ಕೊಟ್ಟಿದ್ದು ಅಂತ ಹೇಳಿವ್ನಿ."

ಗುಂಡಿನ ದಿನಕ್ಕೆ ಎರಡು ದಿನ ಉಳಿದಿರುವಾಗ ತಿಪ್ಪೇಸ್ವಾಮಿ ಬಸ್ಸಿಳಿದು ಬಂದ. ಫೋಟೋದಲ್ಲಿದ್ದ ಹಲ್ಲುಗಳಲ್ಲಿ ಈಗ ಆರು ಉಳಿದಿದ್ದವು. ನಗು ಮಾತ್ರ ಪೂರ್ತಿ ಇತ್ತು. ಕಾಶವ್ವ ಅವನ ಮುಖ ನೋಡಿದಳು, ಗೂಡಿನ ಆನೆಯ ಕಡೆ ತಿರುಗಿದಳು: "ಆನಿ, ಬಂದವರಿಗೆ ಕುಂದರಾಕ ಹೇಳು. ಖರೇ ಹೇಳಾಕ ಹೇಳು."

"ಅಕ್ಕ, ನಾನು ಕಣ್ಣಾರೆ ನೋಡಿವ್ನಿ," ತಿಪ್ಪೇಸ್ವಾಮಿ ಶುರು ಮಾಡಿದ, "ಬಲಗಡೆಯಿಂದ ಬಂತು ನೋಡಿ ಗುಂಡು..."

"ಎಡಗಡಿಯಿಂದ ಬಂತಲೇ!" ಎಂದ ದುಂಡಪ್ಪ.

"ನನ್ಗೆ ಬಂದಿದ್ದು ಬಲಗಡೆಯಿಂದ ಕಣಣ್ಣ."

"ನಿನಗ ಯಾವಾಗ ಬಂತೋ? ಗುಂಡು ನಂದು!"

ಇಬ್ಬರೂ ಎದ್ದುನಿಂತು ಇಲ್ಲದ ಗುಂಡಿಗಾಗಿ ಕಿತ್ತಾಡುತ್ತಿರುವಾಗ ಕಾಶವ್ವ ತಿಪ್ಪೇಸ್ವಾಮಿಯ ಚೀಲದಿಂದ ಸ್ವೆಟರು ತೆಗೆದಳು. ಬೆಳಕಿಗೆ ಹಿಡಿದಳು. ಹಿಂದು ಮುಂದು ಮಾಡಿದಳು. ಆನೆ ಎರಡೂ ಕಡೆ ಅದೇ ಆನೆ. ಅದರ ಹೊಟ್ಟೆಯ ಹತ್ತಿರ ಎರಡು ತೂತಿದ್ದವು. ಒಂದರೊಳಗೆ ಬೆರಳು ಹಾಕಿ ಅಂಚು ಸವರಿದಳು.

"ಇಲಿ" ಎಂದಳು.

ತಿಪ್ಪೇಸ್ವಾಮಿ ಕೂತ. "ಹೂಂ ಅಕ್ಕ. ಹೋದೊರ್ಸ. ಬೀರು ಬಾಗಿಲು ಸರಿ ಮುಚ್ಚಿರಲಿಲ್ಲ."

ಇನ್ನು ಹೇಳದೆ ದಾರಿಯಿರಲಿಲ್ಲ. ದುಂಡಪ್ಪ ಪೆಟ್ಟಿಗೆಯಡಿ ಮುಚ್ಚಿಟ್ಟಿದ್ದ ಯಂತ್ರದ ದೊಡ್ಡ ಪ್ರಿಂಟನ್ನು ತಂದು ಅವಳ ಮುಂದೆ ಹಾಸಿದ. ಗುಂಡು ಬಂದಿಲ್ಲ ಎಂದ. ಯಾವತ್ತೂ ಬಂದಿಲ್ಲ ಎಂದ. ಸಾಲಿನ ಕಥೆಯನ್ನು ಒಂದಕ್ಷರವೂ ಏರಿಸದೆ ಹೇಳಿದ. ಹುಟ್ಟಿದಾಗಿನಿಂದ ಅವನು ಅಷ್ಟು ಚಿಕ್ಕ ಕಥೆ ಹೇಳಿದ್ದು ಅದೇ ಮೊದಲು, ನೀರು ಕುಡಿಯಬೇಕಾಯಿತು.

ಕಾಶವ್ವ ಪ್ರಿಂಟಿನ ಮೇಲೆ ಬಾಗಿ, ಎಳೆ ಎಣಿಸುವ ಹಾಗೆ, ಒಬ್ಬೊಬ್ಬರ ಮೇಲೂ ಬೆರಳಿಟ್ಟು ಎಣಿಸಿದಳು. "ಹದಿನಾರು. ಇವರು ಕೂಡಿ ಹದಿನೇಳು." ಆಮೇಲೆ ಮೊದಲ ಸಲ ನೇರ ತಿಪ್ಪೇಸ್ವಾಮಿಯನ್ನು ಕೇಳಿದಳು: "ನಿಮ್ಮ ಫೋಟೋ ಯಾರಿಗೆ ಕಳಿಸಿದ್ರಿ?"

"ಒಂದು ಕಾಪಿ ಸ್ಟುಡಿಯೋದೋನು ಚೆನ್ನಾಗೈತೆ ಅಂತ ಶೋಕೇಸಿಗೆ ಇಟ್ಕಂಡ. ಇನ್ನೊಂದು ನಾನು ನೋಡಿ ಬಂದಿದ್ದ ಹುಡುಗೀಗೆ. ಅಡುಗೆಯೋನು ಅಂತ ಆರು ತಿಂಗ್ಳಿಂದ ಹೂಂ ಅಂದಿರಲಿಲ್ಲ. ಫೋಟೋ ನೋಡಿ, ಆನೆ ಕಾಲು ಎಣಿಸಿ, ಹೊಟ್ಟೆ ಹುಣ್ಣಾಗೋ ಹಂಗೆ ನಕ್ಕಳಂತೆ. ಇಂಥದ್ನ ತೊಟ್ಕಂಡು ನಗೋನು ಕೆಟ್ಟೋನಲ್ಲ ಅಂತ ಒಪ್ಪಿದ್ಲು. ಮೂರು ಮಕ್ಳಕ್ಕ ಈಗ. ಆ ಐದನೇ ಕಾಲು ಇಲ್ದಿದ್ರೆ ನಾನು ಒಂಟಿ."

ಕಾಶವ್ವ ಆನೆಯ ಐದನೆಯ ಕಾಲನ್ನು ಹೆಬ್ಬೆರಳಿನಿಂದ ನೀವಿದಳು. "ಇದನ್ನ ಹಾಕೂ ಹೊತ್ತಿನ್ಯಾಗ ಪೋಸ್ಟಿನಾಂವ ಬಂದ. ಇವರನ್ನ ಹಿಮದ ಮ್ಯಾಲ ಹಾಕ್ಯಾರ ಅಂತ ಕಾಗದ. ಕೈ ನಡುಗಿತು, ಎಣಿಕಿ ತಪ್ಪಿತು. ಬಿಚ್ಚಿ ಮತ್ತ ಹಾಕಾಕ ಪುರಸೊತ್ತಿರಲಿಲ್ಲ, ಇವರಿಗೆ ಚಳಿ ಆಗತೈತಿ ಅಂತ ಹಂಗ ಕಳಿಸಿದೆ. ಜೀವಮಾನದಾಗ ನಾ ಎಣಿಕಿ ತಪ್ಪಿದ್ದು ಅದೊಂದ ಸಲ."

ಶತ್ರುವನ್ನು ಒದೆಯುವ ಕಾಲು ಎಂದು ನಲವತ್ತೆರಡು ವರ್ಷ ಸಾರಿದ್ದ ದುಂಡಪ್ಪ ಆ ಕಾಲನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದ.

ಕಾಶವ್ವ ಸ್ವೆಟರು ಮಡಚಿದಳು. ಹದಿಮೂರು ದಿನಗಳ ನಂತರ ಗಂಡನ ಕಡೆ ತಿರುಗಿ, ಆನೆಯ ನೆರವಿಲ್ಲದೆ ಮಾತಾಡಿದಳು.

"ಕಡಲಿಬ್ಯಾಳಿ ತರ್ರಿ."

ಆ ವರ್ಷದ ಹೋಳಿಗೆಗೆ ಮದಿಹಾಳವಷ್ಟೇ ಅಲ್ಲ, ಧಾರವಾಡ ಅಷ್ಟೂ ಬಂದಿತ್ತು. ಹುಬ್ಬಳ್ಳಿಯ ಅರ್ಧ ಬಂದು ಜಾಗ ಸಾಲದೆ ವಾಪಸು ಹೋಯಿತು. ತಿಪ್ಪೇಸ್ವಾಮಿ ಹೂರಣ ರುಬ್ಬಿದ. ರೇಷ್ಮಾ ನದಾಫ್ ಯಂತ್ರಕ್ಕೆ ರಜೆ ಕೊಟ್ಟು ಬಂದಿದ್ದಳು. ಅವಳನ್ನು ಕಂಡ ಬೋಳುತಲೆಯವರು ಟೋಪಿ ಸರಿಪಡಿಸಿಕೊಂಡರು. ಪಡಸಾಲೆಯ ಗೋಡೆಯ ಮೇಲೆ ಸ್ವೆಟರು ತೂಗಿತ್ತು. ಸಡಿಲಾದ ಒಂದು ಎಳೆ ಕಂಡರೆ ಊಟ ಬಿಟ್ಟು ಸೂಜಿ ಹಿಡಿಯುವ ಕಾಶವ್ವ ಆ ತೂತುಗಳನ್ನು ಮಾತ್ರ ಹಾಗೇ ಬಿಟ್ಟಿದ್ದಳು. ದುಂಡಪ್ಪ ಅದನ್ನು ಗಮನಿಸಿರಲಿಲ್ಲ. ಎಲ್ಲರೆದುರು ಎದ್ದು ಗುಂಡು ಬಂದಿಲ್ಲವೆಂದು ಹೇಳಿಯೇ ತೀರುವುದೆಂದು ಬೆಳಿಗ್ಗೆಯಿಂದ ಬಾಯಿಪಾಠ ಮಾಡುತ್ತಿದ್ದ.

ಪಂಕ್ತಿಯಲ್ಲಿ ಕೂತ ಓಣಿಯ ಹಿರಿಯರೊಬ್ಬರು ಕತ್ತೆತ್ತಿ ಕೇಳಿಯೇಬಿಟ್ಟರು: "ಹವಾಲ್ದಾರ, ದಿಲ್ಲಿಯಿಂದ ಸ್ವೆಟರ್ ಬಂತಲ್ಲ, ಆ ಗುಂಡು ತಾಗಿದ್ದು ಎಲ್ಲಿ ತೋರಸ್ರೆಪಾ!"

ದುಂಡಪ್ಪ ಎದ್ದ. ಗಂಟಲು ಸರಿಪಡಿಸಿಕೊಂಡ. "ಖರೇ ಹೇಳಬೇಕಂದ್ರ..." ಎನ್ನುವಷ್ಟರಲ್ಲಿ ತುಪ್ಪ ಸುರಿಯುವ ಬಿಸಿ ಹೋಳಿಗೆಯೊಂದು ಅವನ ಬಾಯಿ ತುಂಬಿತು. ಅದನ್ನು ತುರುಕಿದ ಕೈ ಕಾಶವ್ವನದು. ಅದೇ ಕೈಯ ಬೆರಳು ಗೋಡೆಯ ಮೇಲಿನ ಆನೆಯ ಹೊಟ್ಟೆಗೆ ಹೋಯಿತು, ಒಂದು ತೂತಿನಿಂದ ಇನ್ನೊಂದಕ್ಕೆ ಸರಿಯಿತು.

"ಇವರು ಮೊದಲಿಂದ ಸ್ವಲ್ಪ ಕಡಿಮಿ ಹೇಳೂ ಸ್ವಭಾವದವರು," ಎಂದಳು. "ಅವತ್ತು ಬಂದದ್ದು ಒಂದಲ್ಲ. ಎರಡು."

ಕಾಶವ್ವ ಎಣಿಕೆ ತಪ್ಪಿದ್ದು ಅದು ಎರಡನೆಯ ಸಲ. ಈ ಸಲ ಕೈ ನಡುಗಲಿಲ್ಲ.